ದಯವಿಟ್ಟು

ಪೀಣ್ಯ ಎರಡನೇ ಹಂತ, ಶುಕ್ರವಾರ, ನಾಲ್ಕೂ ಮುಕ್ಕಾಲು.
ಕೆಳಗೆ ಲೇತ್ ಇನ್ನೂ ಹಲ್ಲು ಕಡಿಯುತ್ತಿದೆ.
ಪರದೆಯ ಮೇಲೆ ಯಜಮಾನರ ಹೆಸರು:
‘ಪ್ರಿಯ ಜಯಶೀಲಾ,
ಕೊಯಮತ್ತೂರಿನ ಫೌಂಡ್ರಿಯವರ ಖಾತೆ ಬದಲಾಗಿದೆ.
ಹನ್ನೊಂದು ಲಕ್ಷ ನಲವತ್ತು ಸಾವಿರ, ದಯವಿಟ್ಟು
ಇವತ್ತೇ ಹಾಕಿಬಿಡಿ. ಮೀಟಿಂಗಿನಲ್ಲಿದ್ದೇನೆ, ಫೋನು ಬೇಡ.’

ದಯವಿಟ್ಟು.

ಹದಿಮೂರು ವರ್ಷ ಈ ಕುರ್ಚಿಯ ಚಕ್ರ ಸವೆಸಿದ್ದೇನೆ;
ರುದ್ರಮುನಿ ಸಾಹೇಬರ ಬಾಯಲ್ಲಿ ನಾನು
‘ಏನಮ್ಮಾ ಅಕೌಂಟ್ಸು’.
ಹೆಸರಿರುವುದು ಸಂಬಳದ ಚೀಟಿಯಲ್ಲಿ ಮಾತ್ರ.
ಸುಳ್ಳೇಕೆ ಹೇಳಲಿ, ಒಂದು ಗಳಿಗೆ
ಸೆರಗು ಸರಿಮಾಡಿಕೊಂಡೆ.

ಆಮೇಲೆ ವಿಳಾಸ ನೋಡಿದೆ.
‘ಎಮ್’ ಇರಬೇಕಾದಲ್ಲಿ ‘ಆರ್’, ‘ಎನ್’
ಮೈಗೆ ಮೈ ತಾಗಿಸಿ ನಿಂತಿದ್ದವು,
ಒಂದೇ ಟಿಕೆಟ್ಟಿನಲ್ಲಿ ಬಸ್ಸು ಹತ್ತಿದ ಇಬ್ಬರ ಹಾಗೆ.
ಎರಡನೇ ಕ್ಲಾಸಿನಲ್ಲಿ ಬಾಲ ಮರೆತು
‘ಮ’ವನ್ನು ‘ವ’ ಎಂದು ಬರೆದು
ಅಡಿಕೋಲಿನ ಪೆಟ್ಟು ತಿಂದ ಕೈ ಇದು;
ಕಣ್ಣಿಗಿಂತ ಮೊದಲು ಗೆಣ್ಣು ನೋಯಿತು.

ಅಳಿಸಿ ಸುಮ್ಮನಾಗಬಹುದಿತ್ತು.
ಆದರೆ ಎದುರಿನ ಖಾಲಿ ಮೇಜು ಇನ್ನಾಸಪ್ಪನವರದು.
ಹೋದ ದೀಪಾವಳಿಗೆ ಮುಂಚೆ ಇಂಥದೇ ಒಂದನ್ನು ಒತ್ತಿ,
ಗೊತ್ತಾದ ಮೇಲೂ ಎರಡು ದಿನ
ಯಾರಿಗೂ ಹೇಳದೆ, ಊಟದ ಡಬ್ಬಿ ಬಿಚ್ಚಿ, ಮುಚ್ಚಿ,
ಕ್ಯಾಂಟೀನಿನ ಚಿತ್ರಾನ್ನಕ್ಕೆ ಉಪ್ಪಿಲ್ಲವೆಂದು ಜಗಳ ತೆಗೆದು—
ಆ ದಿನವೇ ಬಾಯಿಬಿಟ್ಟಿದ್ದರೆ ಬ್ಯಾಂಕು ತಡೆಯುತ್ತಿತ್ತಂತೆ.
ಅವರ ಕನ್ನಡಕದ ಪೆಟ್ಟಿಗೆ
ಇನ್ನೂ ಡ್ರಾಯರಿನಲ್ಲಿದೆ.

ವರದಿಯ ಗುಂಡಿ ಒತ್ತಿದೆ. ಅದು ಸಾಲದೆಂದು
ಮಹಡಿ ಹತ್ತಿ ಐಟಿಯ ಹುಡುಗ
ಶಬ್ಬೀರನ ಬಾಗಿಲು ತಟ್ಟಿದೆ.
‘ಇನ್ನೂ ನಾಲ್ಕು ಜನಕ್ಕೆ ಬಂದಿದೆ ಮೇಡಂ,
ಹೇಳಿದ್ದು ನೀವೊಬ್ಬರೇ.’
ಆಗಲೇ ಫೋನೆತ್ತಿ ಒಬ್ಬೊಬ್ಬರನ್ನೇ ಕೇಳುತ್ತಿದ್ದ:
‘ಒತ್ತಿದ್ರಾ? ಒತ್ತಿದ್ರೆ ಒತ್ತಿದೆ ಅನ್ನಿ ಸಾರ್,
ಯಾರೂ ಬೈಯಲ್ಲ. ಈಗಲೇ ಅನ್ನಿ.’
ಆ ತುದಿಯಲ್ಲಿ ಯಾರೋ ಬಹಳ ಹೊತ್ತು ಸುಮ್ಮನಿದ್ದರು.
ಶಬ್ಬೀರ ಕಾದ. ನಾನೂ ಬಾಗಿಲಲ್ಲೇ ನಿಂತೆ.
‘ಹಾಂ’ ಅಂದರು ಕೊನೆಗೆ.

ಐದೂವರೆಗೆ ಸಾಹೇಬರು ಬಂದರು, ಕೈಯಲ್ಲಿ ಅದರದೇ ಪ್ರಿಂಟು.
‘ಏನಮ್ಮಾ, ನಾನು ಯಾವತ್ತು ನಿಂಗೆ
ದಯವಿಟ್ಟು ಅಂದಿದ್ದೀನಿ?’
‘ಅದಕ್ಕೇ ಸರ್’ ಅಂದೆ, ‘ಅನುಮಾನ ಬಂದಿದ್ದು.’

ಲೇತ್ ನಿಂತಿತ್ತು.
ಮೆಟ್ಟಿಲ ಬಳಿ ಅವರು ಒಮ್ಮೆ ತಿರುಗಿದರು,
ಬಾಯಿ ತೆರೆದರು;
ಹೆಸರು ನೆನಪಾಗಲಿಲ್ಲವೇನೋ,
ಇಳಿದುಹೋದರು.