ಹಾಸಿನ ಎಳಿ

ಬನಹಟ್ಟಿ ಸ್ಟ್ಯಾಂಡಿನ್ಯಾಗ ಹಳೇ ಕ್ವಾಲಿಸ್ಸಿನ ಬಾನೆಟ್ ಎತ್ತಿ
ದಸ್ತಗೀರ ಹೇಳತಾನ: ನಾಕೂವರಿ ಲಕ್ಷ ಓಡೇತಿ,
ಇಂಜಿನ್ನಿಗೆ ಪಾನಾ ಮುಟ್ಟಿಸಿಲ್ಲ ಬೌರಕ್ಕಾ,
ಟೊಯೊಟಾ ಅಂದ್ರ ಟೊಯೊಟಾ.

ಮೊದಲ ಆ ಮನಿಯಾವ್ರೂ ಮಗ್ಗದಾವ್ರಽ ಅಂತ.
ಒಂದೆಳಿ ಹರದ್ರ
ತಾನಽ ನಿಲ್ಲೂವಂಥಾ ಮಗ್ಗ ಮಾಡಿದ್ದ ಅಪ್ಪ;
ಮಗ ಗಾಡಿಗೆ ಬಿದ್ದ.

ನಮ್ಮ ಪವರ್‌ಲೂಮಿಗೆ ಆ ಬುದ್ಧಿ ಇಲ್ಲ.
ಹಾಸಿನ್ಯಾಗ ಎಳಿ ಹೋದ್ರೂ ಖಟ್ ಖಟ್ ಖಟ್,
ಗೇಣುದ್ದ ಸೀರಿ ಕೆಟ್ಟ ಮ್ಯಾಲ ಸಾಹುಕಾರನ ಬಾಯಿ.
ಅದಕ್ಕಽ ಇಪ್ಪತ್ತೆಂಟು ವರ್ಷ
ನನ್ನ ಕಣ್ಣಽ ಅದರ ಬ್ರೇಕು.

ನಿಲ್ಲದ್ದಕ್ಕ ಹೆಸರಾತು ಗಾಡಿ, ದಸ್ತಗೀರ.
ನಿಲ್ಲೂದು ಕಲ್ತಿದ್ದ ಮಗ್ಗದ ಹೆಸರು
ಯಾರರೆ ಕೇಳ್ಯಾರೇನು?

ಅಂವ ಡಿಪ್‌ಸ್ಟಿಕ್ ಒರಸತಾನ,
ನೋಡತಾನ, ಮತ್ತ ಒರಸತಾನ.
ಜಮಖಂಡಿಗೆ ಇನ್ನೂ ಎರಡು ಸೀಟು ಬೇಕಂತ.