ಮೊಂಡು ಕತ್ತರಿ

ಶಂಕರಘಟ್ಟದ ಲ್ಯಾಬು. ರಾತ್ರಿ ಒಂಬತ್ತೂವರೆ.
ತಟ್ಟೆಯೊಳಗೆ ಯಾರದೋ ಕರುಳಿನ ಕೋಶಗಳು,
ಹೆಸರು ಗೊತ್ತಿಲ್ಲ.

ನಾನು ಒಳಗೆ ಬಿಟ್ಟ ಕತ್ತರಿಗೆ ಹರಿತವಿಲ್ಲ,
ಬೇಕೆಂದೇ ಮೊಂಡು ಮಾಡಿದ್ದು.
ಕತ್ತರಿಸದು; ಜಾಗ ಹುಡುಕಿ ಕೂತು
ಲ್ಯಾಕ್ಟೇಸ್ ಜೀನಿನ ಬಾಗಿಲಲ್ಲಿ
ಏಳು, ಹೊತ್ತಾಯ್ತು, ಅನ್ನುತ್ತದೆ.

ಗಾಂಧಿ ಬಜಾರಿನ ಅಂಗಡಿಯಲ್ಲಿ
ಅಪ್ಪನಿಗೂ ಇದೆ ಅಂಥದೊಂದು:
ಬಟ್ಟೆ ಜರುಗದಂತೆ ಮೇಲಿಡುವ ಕತ್ತರಿ.
ಎಸೀರಿ ಅಂದರೆ,
"ಕೂರೋದೂ ಒಂದು ಕೆಲಸ ಕಣೇ ರುಕ್ಕೂ."

ಮೂವತ್ತೊಂದನೇ ಸುತ್ತಿಗೆ ಏಳುತ್ತಿದ್ದ ಗೆರೆ
ಇಪ್ಪತ್ನಾಲ್ಕಕ್ಕೇ ತಲೆಯೆತ್ತಿತು.
ಮತ್ತೆ ಮಾಡಿದೆ. ಮತ್ತೂ ಒಮ್ಮೆ.

ಫೋನಿನಲ್ಲಿ ಹೇಳಿದೆ.
"ಹಾಗಾದ್ರೆ ನಾನಿನ್ನು ಹಾಲು ಹಾಕಿದ ಟೀ ಕುಡೀಬಹುದಾ?
ಹೊಟ್ಟೆ ಗುಡುಗಲ್ವಾ?"
ಇಲ್ಲಪ್ಪ, ಸದ್ಯ ತಟ್ಟೆಯಲ್ಲಿ ಮಾತ್ರ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:
"ಹೋಗ್ಲಿ, ತಟ್ಟೇಲಿರೋರಾದ್ರೂ ಕುಡೀಲಿ."