ಬರೆಯದೆ ಬಿಟ್ಟ ಗುಡ್ಡ

ಶಟರು ಅರ್ಧ ಇಳಿಸಿದ್ದೇನೆ. ಜೆರಾಕ್ಸ್ ಮೆಶೀನಿನ ಬೆನ್ನು
ಇನ್ನೂ ಬೆಚ್ಚಗುಂಟು; ಅದರ ಮೇಲೆ ನಕ್ಷೆ ಹರಡಿದ್ದೇನೆ.
ಕುಳಿತುಕೊಳ್ಳಿ. ವರ್ಷ ಎರಡು ಸಾವಿರದ ಅರುವತ್ತೆರಡು.
ಕುಂಬಳೆ ಇದೇ ಕುಂಬಳೆ,
ಸ್ಟೇಷನ್ನಿನ ಹತ್ತಿರದ ಮೀನಿನ ವಾಸನೆಯೂ ಇದೇ,
ಆದರೆ ಸಮುದ್ರ ಎರಡು ಓಣಿ ಒಳಗೆ ಬಂದಿದೆ.
ಅದರ ಜೊತೆ ಬಂದವರು ವಾಪಸು ಹೋಗಲಿಲ್ಲ.

ಮೊದಲು ನಾಗರು. ಆರಿಕ್ಕಾಡಿ ಕೋಟೆಯ ಅಡಿಯಲ್ಲಿ
ಸರ್ವರುಗಳ ಬಿಸಿ ಹೀರಿಕೊಂಡು ಮಲಗುತ್ತಾರೆ.
ಕಂಪೆನಿ ಅವರಿಗೆ ಸಂಬಳ ಕೊಡುವುದು ಮೊಟ್ಟೆಯಲ್ಲಿ.
ಪೊರೆ ಬಿಟ್ಟಾಗಲೆಲ್ಲ ಕಾರ್ಡಿನ ಫೋಟೋ ಹೊಂದುವುದಿಲ್ಲ,
ಪುನಃ ಸಾಲಿನಲ್ಲಿ ನಿಲ್ಲಬೇಕು.

ಆಮೇಲೆ ಸುರಂಗದವರು, ಮೊಣಕಾಲೆತ್ತರದ ಜನ.
ಬಾಯಾರಿನ ಮುರಕಲ್ಲು ಕೊರೆದು ನೀರು ಹುಡುಕುತ್ತಿದ್ದವರು
ಈಗ ಕೇಬಲ್ ಎಳೆಯುತ್ತಾರೆ. ಕತ್ತಲಲ್ಲಿ ಗೋಡೆಗೆ ಕಿವಿಯಿಟ್ಟರೆ
ಹರಿಯುವುದು ನೀರೋ ಮಾತೋ, ಅವರಿಗೆ ಮಾತ್ರ ಗೊತ್ತು.

ಮಂತ್ರ ಉಂಟು. ಉಚ್ಚಾರ ತಪ್ಪಿದರೆ ಬ್ಯಾಟರಿ ಸುಡುತ್ತದೆ.
ತಲಪಾಡಿ ಗೇಟಿನಲ್ಲಿ ಯಂತ್ರ ಕೇಳುತ್ತದೆ:
ನಿನ್ನ ಭಾಷೆ ಯಾವುದು, ಒಂದೇ ಒಂದು ಹೇಳು.
ಎರಡು ಹೇಳಿದವರ ನೆರಳನ್ನು ಅಲ್ಲೇ ಹಿಡಿದಿಡುತ್ತದೆ.

"ಅದು ಈಗಲೂ ಉಂಟಲ್ಲ," ಐತಪ್ಪಣ್ಣ ನಗುತ್ತಾರೆ.
ಹಗಲು ಕಲೆಕ್ಟರ್ ಕಚೇರಿಯಲ್ಲಿ ಕನ್ನಡದ ಅರ್ಜಿಗಳನ್ನು
ಮಲಯಾಳಕ್ಕೆ ಮಗುಚಿ ಹಾಕುವವರು,
ನಾಗನ ಪಾತ್ರವೇ ಬೇಕು ಅವರಿಗೆ: ಎರಡು ನಾಲಗೆಯದ್ದು.
ಐಸ್ ಪ್ಲಾಂಟಿನ ಶಮ್ನಾಸ್ ಯಾವತ್ತೂ ಕಳ್ಳ;
ಹೋದ ವಾರ ಡ್ರೋನಿನ ರೆಕ್ಕೆ ಕದ್ದು ಯಕ್ಷಿಗೆ ಮಾರಿದ,
ಅವಳು ಕೊಟ್ಟ ಚಿನ್ನ ಬೆಳಿಗ್ಗೆ ಹಾಲೆಮರದ ಎಲೆ.
ಇಪ್ಪತ್ತು ಮುಖದ ದಾಳ ಅವನದೇ, ಶಾರ್ಜಾದಿಂದ
ಭಾವ ತಂದದ್ದು, ಖರ್ಜೂರದ ಡಬ್ಬಿಯೊಳಗೆ.

ಇವತ್ತು ಹೊಸ ಜಾಗ, ಎಂದೆ. ಬೆರಳಿಟ್ಟೆ
ನಕ್ಷೆಯ ಮೂಡು ಮೂಲೆಗೆ. ಗೇರುಗುಡ್ಡ.
ಹಿಂದೆ ಹೆಲಿಕಾಪ್ಟರು ಮದ್ದು ಸುರಿದ ಜಾಗ.
ಇಲ್ಲಿ ಹುಟ್ಟಿದವರು ಕಿನ್ನರರು. ನಡೆಯಲಾರರು,
ಮಾತಿಲ್ಲ, ಆದರೆ ಬರೀ ಕಣ್ಣಿನಿಂದ
ಸ್ಯಾಟಲೈಟು ಇಳಿಸಬಲ್ಲರು. ಮಂತ್ರಶಕ್ತಿ ಹದಿನೆಂಟು.
ಒಂದು ತಿಂಗಳು ಕೂತು ಬರೆದದ್ದು. ಹೆಮ್ಮೆಯಿತ್ತು ನನಗೆ.

ಲವೀನಾ ಪೆನ್ಸಿಲು ಕೆಳಗಿಟ್ಟಳು.
ಬೇಳದಿಂದ ಸ್ಕೂಟಿಯಲ್ಲಿ ಬರುವವಳು, ಪಾಲಿಯೇಟಿವ್ ನರ್ಸು;
ಆಟದಲ್ಲಿ ರಾಕ್ಷಸಿ, ಕಬ್ಬಿಣದ ಕೈ.
"ಅವಳಿಗೆ ಇಪ್ಪತ್ತಾರು ವರ್ಷ," ಎಂದಳು,
ಯಾರಿಗೆಂದು ಹೇಳಲಿಲ್ಲ. "ಮಂಗಳವಾರ ಮಗ್ಗುಲು ಬದಲಿಸಿ ಬಂದೆ.
ಸ್ಯಾಟಲೈಟು ಬೇಡ ಅವಳಿಗೆ. ಬೆನ್ನಿನ ಹುಣ್ಣು ಒಣಗಿದರೆ ಸಾಕು,
ಅವಳ ಅಮ್ಮನಿಗೆ ಒಂದು ರಾತ್ರಿ ನಿದ್ದೆ ಸಿಕ್ಕಿದರೆ ಸಾಕು.
ಕಿನ್ನರ ಗಿನ್ನರ ಎಲ್ಲ ಬರೆಯಬೇಡ ಮಾರಾಯ್ತಿ."

ಹೊರಗೆ ಗೂಡ್ಸ್ ರೈಲು ಹೋಯಿತು. ಐವತ್ತು ಡಬ್ಬಿ ಇರಬೇಕು,
ಎಲ್ಲರೂ ಎಣಿಸಿದೆವು, ಅಥವಾ ಎಣಿಸುವವರ ಹಾಗೆ ಕುಳಿತೆವು.
ನಾನು ರಬ್ಬರು ಹುಡುಕಿದೆ. ಪೆನ್ನಿನಲ್ಲಿ ಬರೆದದ್ದು, ಹೋಗಲಿಲ್ಲ.
ಕೊನೆಗೆ ವೈಟ್ನರ್ ಹಚ್ಚಿದೆ,
ಅರ್ಜಿ ತಿದ್ದಲು ಬರುವವರಿಗೆಂದು ಇಟ್ಟದ್ದು.
ಒಣಗುವ ತನಕ ಐತಪ್ಪಣ್ಣ ಊದಿದರು.

ಈಗ ಆ ಗುಡ್ಡ ಬಿಳಿ. ಹೆಸರಿಲ್ಲ, ಅಂಕವಿಲ್ಲ.
ನಾಗನಾಗಲಿ ಕಳ್ಳನಾಗಲಿ
ಅಲ್ಲಿ ದಾಳ ಎಸೆಯುವ ಹಾಗಿಲ್ಲ,
ಗಾಡಿ ನಿಲ್ಲಿಸಿ ಇಳಿದು ನಡೆಯಬೇಕು.
"ದಾಟಲಿಕ್ಕೆ ಎಷ್ಟು ಹೊತ್ತು?" ಶಮ್ನಾಸ್ ಕೇಳಿದ.
"ಪ್ರತಿ ಮಂಗಳವಾರ," ಅಂದಳು ಲವೀನಾ.

ಆಮೇಲೆ ಚಾ ತರಿಸಿದೆವು.
ಸರದಿ ಐತಪ್ಪಣ್ಣನದು, ತಲಪಾಡಿ ಇನ್ನೂ ದೂರ ಇತ್ತು.